ಕಂಬ ಎತ್ತೋಕೆ ಮುಂಚೆ ಒಂದಿಷ್ಟು ಲೆಕ್ಕ: ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹ್ಯಾಮ್ ರೇಡಿಯೊ

ಕಬಿನಿ ಜಲಾಶಯದಿಂದ ಬಿಟ್ಟ ನೀರು ಮೊದಲು ನಂಜನಗೂಡಿಗೆ ಬರುತ್ತೆ, ಆಮೇಲೆ ತಿ. ನರಸೀಪುರಕ್ಕೆ ಹೋಗಿ ಕಾವೇರಿಯನ್ನು ಸೇರುತ್ತೆ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿದಾಗ ಮೈಸೂರು–ನಂಜನಗೂಡು ರಸ್ತೆಗೇ ನೀರು ನುಗ್ಗಿ ಸಂಚಾರ ನಿಂತುಹೋಗಿತ್ತು. ಇಂಥ ದಿನಗಳಲ್ಲಿ ಕರೆಂಟ್ ಹೋಗಿ, ಮೊಬೈಲ್ ಟವರ್‌ನ ಬ್ಯಾಟರಿಯೂ ಮುಗಿದರೆ ಮೇಲಿನ ಊರಿನವರು ಕೆಳಗಿನ ಊರಿಗೆ ‘ನೀರು ಏರ್ತಾ ಇದೆ’ ಅಂತ ಹೇಳೋದು ಹೇಗೆ? ಒಂದು ಕಾರ್ ಬ್ಯಾಟರಿ, ಒಂದು ರೇಡಿಯೊ, ಒಂದು ಒಳ್ಳೆ ಆಂಟೆನಾ ಸಾಕು. ಇದರಲ್ಲಿ ರೇಡಿಯೊ ದುಡ್ಡು ಕೊಟ್ಟರೆ ಸಿಗುತ್ತೆ. ಆಂಟೆನಾ ಮತ್ತು ಕಂಬಕ್ಕೆ ಮಾತ್ರ ತಲೆ ಓಡಿಸಬೇಕು.

ಎಷ್ಟು ಎತ್ತರ ಬೇಕು?

ಎರಡೂ ಊರುಗಳ ನಡುವೆ ನೇರ ದೂರ ಸುಮಾರು 26 ಕಿ.ಮೀ. ಹ್ಯಾಮ್‌ಗಳು ಸ್ಥಳೀಯವಾಗಿ ಹೆಚ್ಚು ಬಳಸೋದು 144ರಿಂದ 146 ಮೆಗಾಹರ್ಟ್ಸ್, ಅಂದರೆ 2 ಮೀಟರ್ ಬ್ಯಾಂಡ್. ಈ ಅಲೆಗಳು ಹೆಚ್ಚುಕಮ್ಮಿ ನೇರವಾಗಿಯೇ ಸಾಗ್ತವೆ. ಭೂಮಿಯ ಬಾಗು ಅಡ್ಡ ಬರುತ್ತೆ. ಸೂತ್ರ ಸುಲಭ: ಆಂಟೆನಾದ ಎತ್ತರದ (ಮೀಟರ್‌ನಲ್ಲಿ) ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಕಿ.ಮೀ.ನಲ್ಲಿ ಸಿಗುತ್ತೆ.

ನೆಲದ ಮೇಲೆ ನಿಂತು ಹ್ಯಾಂಡ್‌ಸೆಟ್ ಹಿಡಿದರೆ ಎತ್ತರ 1.5 ಮೀಟರ್, ದಿಗಂತ 5 ಕಿ.ಮೀ. ಇಬ್ಬರದ್ದೂ ಸೇರಿ 10. ಸಾಲದು. ಅದೇ ಆಂಟೆನಾ 12 ಮೀಟರ್ ಮೇಲೆ ಇದ್ದರೆ ಒಬ್ಬೊಬ್ಬರದ್ದು 14 ಕಿ.ಮೀ., ಇಬ್ಬರದ್ದೂ ಸೇರಿ 28. ಲೆಕ್ಕ ಕೂಡಿಬಂತು, ಆದರೆ ಅಂಚಿನಲ್ಲಿ. ಇದು ನೆಲ ಸಮತಟ್ಟಾಗಿದೆ ಅಂದುಕೊಂಡು ಹಾಕಿದ ಲೆಕ್ಕ. ನಡುವೆ ದಿಣ್ಣೆ, ತೆಂಗಿನ ತೋಟ ಇದ್ದರೆ ಸಿಗ್ನಲ್ ಇನ್ನೂ ಕುಗ್ಗುತ್ತೆ. ನಂಜನಗೂಡಿನ ಬಯಲಿಗಿಂತ ಚಾಮುಂಡಿ ಬೆಟ್ಟದ ತುದಿ ಸುಮಾರು 400 ಮೀಟರ್ ಎತ್ತರ. ಅಲ್ಲಿಂದ ದಿಗಂತ 82 ಕಿ.ಮೀ. ರಿಪೀಟರ್‌ಗಳನ್ನು ಬೆಟ್ಟದ ಮೇಲೆ ಇಡೋದು ಇದಕ್ಕೇ.

ಪೈಪ್ ತಡೆಯುತ್ತಾ?

12 ಮೀಟರ್ ಅಂದ ತಕ್ಷಣ 12 ಮೀಟರ್ ಪೈಪ್ ತರೋಕೆ ಓಡಬೇಡಿ. ನಮ್ಮ ಭಾಗಕ್ಕೆ ಐಎಸ್ 875 ಕೊಡೋ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಒತ್ತಡ = 0.6 × 33², ಅಂದರೆ ಚದರ ಮೀಟರಿಗೆ ಸುಮಾರು 650 ನ್ಯೂಟನ್.

ಎರಡು ಇಂಚಿನ ಮೀಡಿಯಂ ಕ್ಲಾಸ್ ಜಿಐ ಪೈಪ್‌ನ ಹೊರವ್ಯಾಸ 60 ಮಿ.ಮೀ. ಅದರ ತುದಿಯಲ್ಲಿ 0.2 ಚದರ ಮೀಟರ್‌ನಷ್ಟು ಆಂಟೆನಾ ಇದೆ, ಆಕಾರದ ಗುಣಾಂಕ 1.2 ಅಂತಿಟ್ಟುಕೊಳ್ಳಿ. 12 ಮೀಟರ್ ಪೈಪ್ ಅನ್ನು ಸುಮ್ಮನೆ ನೆಟ್ಟರೆ ಬುಡದಲ್ಲಿ ಬಾಗುಬಲ ಸುಮಾರು 5,270 ನ್ಯೂಟನ್-ಮೀಟರ್. ಅದರಲ್ಲಿ ಹೆಚ್ಚಿನ ಪಾಲು ಆಂಟೆನಾದ್ದಲ್ಲ, ಪೈಪ್‌ನದ್ದೇ! ಸ್ಟ್ರೆಸ್ 600 ಮೆಗಾಪಾಸ್ಕಲ್ ದಾಟುತ್ತೆ. ಸಾಧಾರಣ ಜಿಐ ಪೈಪ್ 200ರ ಆಸುಪಾಸಿನಲ್ಲೇ ಬಾಗುತ್ತೆ.

ಎರಡಂತಸ್ತಿನ ಮನೆಯ ತಾರಸಿ ಹೇಗೂ 7 ಮೀಟರ್ ಇರುತ್ತೆ. ಅದರ ಮೇಲೆ 6 ಮೀಟರ್ ಪೈಪ್ ಸಾಕು. ಈಗ ಬಾಗುಬಲ 1,790ಕ್ಕೆ, ಅಂದರೆ ಮೂರನೇ ಒಂದಕ್ಕೆ ಇಳಿಯಿತು. ಆದರೂ ಸ್ಟ್ರೆಸ್ 208, ಇನ್ನೂ ಅಪಾಯದ ಅಂಚು. 4 ಮೀಟರ್ ಎತ್ತರದಲ್ಲಿ ಮೂರು ದಿಕ್ಕಿಗೆ, 120 ಡಿಗ್ರಿ ಅಂತರದಲ್ಲಿ ಸ್ಟೇ ವೈರ್ ಎಳೆದು ಕಟ್ಟಿ. ಅದು ಸುಮಾರು 410ಕ್ಕೆ ಬರುತ್ತೆ, ಕಾಲು ಭಾಗಕ್ಕಿಂತ ಕಮ್ಮಿ. ದಪ್ಪ ಪೈಪ್‌ಗೆ ದುಡ್ಡು ಸುರಿಯೋದಕ್ಕಿಂತ ಮೂರು ತಂತಿ ಮೇಲು.

ಸ್ಟೇ ಬುಡಗಳು ಕಂಬದಿಂದ 3 ಮೀಟರ್ ಆದರೂ ದೂರ ಇರಲಿ. ಪ್ಯಾರಾಪೆಟ್ ಇಟ್ಟಿಗೆಗೆ ಕಟ್ಟಬೇಡಿ. ಕಾಲಂ ಅಥವಾ ಬೀಮ್‌ಗೆ ಆಂಕರ್ ಬೋಲ್ಟ್ ಹಾಕಿಸಿ. ಹೊಲದಲ್ಲಿ ನಿಲ್ಲಿಸೋದಾದರೆ ಮಣ್ಣು ನೋಡಿ: ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತೆ, ಪಾಯ ಆಳಕ್ಕೆ ಹೋಗಬೇಕು.

ಆಂಟೆನಾ ಮತ್ತು ಕೇಬಲ್

2 ಮೀಟರ್ ಬ್ಯಾಂಡ್‌ಗೆ ಮೊದಲ ಆಂಟೆನಾ ಆಗಿ ಗ್ರೌಂಡ್ ಪ್ಲೇನ್ ಮಾಡಿ. ಒಂದು ಕನೆಕ್ಟರ್, ಮೇಲಕ್ಕೆ 49 ಸೆಂ.ಮೀ. ತಂತಿ, ಕೆಳಕ್ಕೆ 45 ಡಿಗ್ರಿ ಬಾಗಿಸಿದ, ಅದಕ್ಕಿಂತ ಚೂರು ಉದ್ದದ ನಾಲ್ಕು ತಂತಿ. ಮೊದಲು ಉದ್ದ ಬಿಟ್ಟು, ಎಸ್‌ಡಬ್ಲ್ಯುಆರ್ ಮೀಟರ್ ನೋಡ್ತಾ ಕತ್ತರಿಸುತ್ತಾ ಬನ್ನಿ.

ಕೇಬಲ್‌ನಲ್ಲಿ ಜುಗ್ಗತನ ಬೇಡ. 145 ಮೆಗಾಹರ್ಟ್ಸ್‌ನಲ್ಲಿ 20 ಮೀಟರ್ ಆರ್‌ಜಿ-58 ಕೇಬಲ್ 3ರಿಂದ 4 ಡೆಸಿಬೆಲ್ ತಿನ್ನುತ್ತೆ. 5 ವ್ಯಾಟ್ ಕಳಿಸಿದರೆ ಆಂಟೆನಾಗೆ ತಲುಪೋದು ಎರಡು, ಎರಡೂವರೆ. ಆರ್‌ಜಿ-213 ಹಾಕಿದರೆ ಮೂರಕ್ಕಿಂತ ಹೆಚ್ಚು ಉಳಿಯುತ್ತೆ. ಕನೆಕ್ಟರ್‌ಗೆ ನೀರು ಇಳಿಯದ ಹಾಗೆ ಟೇಪ್ ಸುತ್ತಿ.

2 ಮೀಟರ್ ಕೈಕೊಟ್ಟರೆ ಅದೇ ಕಂಬದಿಂದ 40 ಮೀಟರ್ ಬ್ಯಾಂಡ್‌ನ ಇನ್ವರ್ಟೆಡ್ ವಿ ಇಳಿಬಿಡಿ. 143ನ್ನು 7.1ರಿಂದ ಭಾಗಿಸಿದರೆ ಸುಮಾರು 20 ಮೀಟರ್. ಎರಡೂ ಕಡೆ ಹತ್ತತ್ತು. ಈ ಎತ್ತರದಲ್ಲಿ ಅಲೆ ಹೆಚ್ಚಾಗಿ ಮೇಲಕ್ಕೇ ಹೋಗಿ, ಅಯಾನುಗೋಳಕ್ಕೆ ತಾಗಿ, ಸುತ್ತಲಿನ ನೂರಾರು ಕಿ.ಮೀ.ಗೆ ಮಳೆಯ ಹಾಗೆ ಇಳಿಯುತ್ತೆ. ಹಗಲಲ್ಲಿ ದಿಣ್ಣೆ, ಬೆಟ್ಟ ಯಾವುದೂ ಅಡ್ಡಿಯಲ್ಲ. ರಾತ್ರಿ ಹತ್ತಿರದ ಊರುಗಳು ತಪ್ಪಿಹೋಗಬಹುದು. ತುದಿಯನ್ನು ತೆಂಗಿನ ಮರಕ್ಕೆ ಕಟ್ಟೋದಾದರೆ ಬಿಗಿಯಾಗಿ ಕಟ್ಟಬೇಡಿ. ಗಾಳಿಗೆ ಮರ ತೂಗುತ್ತೆ, ತಂತಿ ತುಂಡಾಗುತ್ತೆ. ಹಗ್ಗವನ್ನು ರಾಟೆ ಮೇಲೆ ಹಾಯಿಸಿ ತುದಿಗೊಂದು ಕಲ್ಲು ಕಟ್ಟಿದರೆ ಸಾಕು.

ಜೀವ ಮುಖ್ಯ

ಕಂಬ ಎತ್ತುವಾಗ ದೊಡ್ಡ ಶತ್ರು ಗಾಳಿಯಲ್ಲ, ಪಕ್ಕದ ಕರೆಂಟ್ ಲೈನ್. ಕಂಬ ಯಾವ ದಿಕ್ಕಿಗೆ ಬಿದ್ದರೂ ಪೈಪಾಗಲಿ, ಆಂಟೆನಾ ತಂತಿಯಾಗಲಿ ಲೈನ್ ಮುಟ್ಟಬಾರದು. ಅಂಥ ಜಾಗ ಇಲ್ಲ ಅಂದರೆ ಅಲ್ಲಿ ಕಂಬವೇ ಬೇಡ. ಇದರಲ್ಲಿ ರಾಜಿ ಇಲ್ಲ. ಎತ್ತುವಾಗ ಸ್ಟೇಗೆ ಒಬ್ಬೊಬ್ಬರಂತೆ ಮೂವರು, ಪೈಪ್ ಹಿಡಿಯೋಕೆ ಇಬ್ಬರು, ಹೇಳೋಕೆ ಒಬ್ಬರೇ ಇರಲಿ. ಮೋಡ, ಜೋರು ಗಾಳಿ ಇದ್ದರೆ ಮುಂದಿನ ಭಾನುವಾರಕ್ಕೆ ಹಾಕಿ.

ಏಪ್ರಿಲ್–ಮೇ ಗುಡುಗು ಮಳೆಗೆ ಸಿದ್ಧವಾಗಿರಿ. ಕಂಬದಿಂದ ಅರ್ಥ್ ರಾಡ್‌ಗೆ ದಪ್ಪ ತಾಮ್ರದ ತಂತಿ ನೇರವಾಗಿ ಇಳಿಯಲಿ, ಅದು ಮನೆಯ ಅರ್ಥಿಂಗ್‌ಗೂ ಸೇರಿರಲಿ. ಗುಡುಗು ಕೇಳಿಸೋ ಮೊದಲೇ ಕೇಬಲ್ ಬಿಚ್ಚಿ ಹೊರಗಿಡಿ. ಗುಡುಗು ಶುರುವಾದ ಮೇಲೆ ಮುಟ್ಟಬೇಡಿ.

ಮಂಡಕಳ್ಳಿ ವಿಮಾನ ನಿಲ್ದಾಣ ನಂಜನಗೂಡು ರಸ್ತೆಯಲ್ಲೇ ಇದೆ. ಆ ಕಡೆ ಮನೆ ಇದ್ದವರು ಎತ್ತರದ ನಿರ್ಬಂಧ ವಿಚಾರಿಸಿಕೊಂಡೇ ಮುಂದುವರಿಯಿರಿ. ಪರವಾನಗಿ ಇಲ್ಲದೆ ಮೈಕ್ ಬಟನ್ ಒತ್ತುವ ಹಾಗಿಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಬೇಕು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಕಿಲ್ಲ. ಎಲೆಕ್ಟ್ರಾನಿಕ್ಸ್ ಓದದ ಸಿವಿಲ್, ಮೆಕ್ಯಾನಿಕಲ್ ಗೆಳೆಯರಿಗೂ ಕಷ್ಟವಲ್ಲ.

ಹೇಗೂ ಕಂಬದ ಲೆಕ್ಕಕ್ಕೆ ಅವರೇ ಬೇಕು. ಆಂಟೆನಾ ಇಸಿಯವರದ್ದು, ಸ್ಟೇ ಸಿವಿಲ್‌ನವರದ್ದು, ಬ್ಯಾಟರಿ ಎಲೆಕ್ಟ್ರಿಕಲ್‌ನವರದ್ದು ಅಂತ ಹಂಚಿಕೊಳ್ಳಿ. ಕಪಿಲೆ ತುಂಬೋದು ಜುಲೈ–ಆಗಸ್ಟ್‌ನಲ್ಲಿ. ಕಂಬ ಮೇ ಹೊತ್ತಿಗೆ ನಿಂತಿರಬೇಕು.