ಎರಡು ಅಂಗುಲ ನೀರು, ಹತ್ತಾರು ಅತಿಥಿಗಳು

ನಾಟಿ ಮುಗಿದ ಹೊಸತರಲ್ಲಿ, ಬೆಳಗಿನ ಎಳೆ ಬಿಸಿಲಿನ ಹೊತ್ತಿಗೆ, ಮಂಡ್ಯದ ವಿ.ಸಿ. ಫಾರಂನ ಭತ್ತದ ಗದ್ದೆಗಳ ಬದುವಿನ ಮೇಲೆ ನಿಂತು ನೋಡಬೇಕು. ಬೆಳ್ಳಕ್ಕಿಗಳು ಪೈರಿನ ಸಾಲಿನ ನಡುವೆ ಒಂದೊಂದೇ ಹೆಜ್ಜೆ ಎತ್ತಿಟ್ಟು ನಡೆಯುತ್ತಿರುತ್ತವೆ. ಮಣ್ಣಿನ ಬಣ್ಣದ ಬಕವೊಂದು ಬದುವಿಗಂಟಿ ತಪಸ್ಸಿಗೆ ಕುಳಿತಿರುತ್ತದೆ. ಬಾಲ ಕುಣಿಸುವ ಸಿಪಿಲೆ ಹಕ್ಕಿ ಹುಳ ಹೆಕ್ಕುತ್ತ ಓಡಾಡುತ್ತದೆ. ಕೆಲವೇ ಮಾರು ದೂರದಲ್ಲಿ ನಾಲೆ ತುಂಬಿ ಹರಿಯುತ್ತಿದೆ. ಗದ್ದೆಗೆ ನೀರು ಕೊಟ್ಟದ್ದೇ ಆ ನಾಲೆ. ಆದರೆ ಅದರ ಕಡಿದಾದ ಅಂಚಿನಲ್ಲಿ ಒಂದು ಗುಬ್ಬಚ್ಚಿಯೂ ಇಳಿದು ನೀರು ಕುಡಿಯುವುದಿಲ್ಲ. ಮೇಲಿನ ತಂತಿಯಲ್ಲಿ ಕುಳಿತ ಮಿಂಚುಳ್ಳಿಯೊಂದಕ್ಕೆ ಮಾತ್ರ ಆ ನೀರಿನಲ್ಲಿ ಕೆಲಸ.

ನೀರು ಹೆಚ್ಚಿರುವಲ್ಲಿ ಹಕ್ಕಿ ಕಡಿಮೆ, ನೀರು ತೆಳುವಾಗಿರುವಲ್ಲಿ ಹಕ್ಕಿ ಹೆಚ್ಚು! ಮನೆಯ ಕೈತೋಟಕ್ಕೆ ಹಕ್ಕಿಗಳನ್ನು ಕರೆಯಬೇಕೆಂಬ ಆಸೆ ಇರುವವರು ಮೊದಲು ಕಲಿಯಬೇಕಾದ ಪಾಠ ಇದೇ.

ವಿ.ಸಿ. ಎಂದರೆ ವಿಶ್ವೇಶ್ವರಯ್ಯ ಕೆನಾಲ್ ಎಂಬುದು ಮಂಡ್ಯದ ಮಕ್ಕಳಿಗೆಲ್ಲ ಗೊತ್ತು. 1911ರಲ್ಲಿ ಕೆಲಸ ಆರಂಭವಾಗಿ 1931ರ ಹೊತ್ತಿಗೆ ಮುಗಿದ ಕೃಷ್ಣರಾಜಸಾಗರದಿಂದ ಹೊರಟ ಈ ನಾಲೆಗೆ ಮೊದಲು ಅಂದಿನ ವೈಸರಾಯ್ ಇರ್ವಿನ್ನರ ಹೆಸರಿತ್ತು. ಮಳೆಯನ್ನೇ ನಂಬಿದ್ದ ರಾಗಿಯ ಹೊಲಗಳು ಭತ್ತ, ಕಬ್ಬಿನ ಗದ್ದೆಗಳಾದಾಗ, ನೀರಾವರಿ ಬೇಸಾಯದ ಪ್ರಯೋಗಗಳಿಗಾಗಿ ನಾಲೆಯ ಬಯಲಿನಲ್ಲಿ ಹುಟ್ಟಿಕೊಂಡದ್ದು ಈ ಫಾರಂ. ಇಂದು ಇಲ್ಲಿ ಕೃಷಿ ಸಂಶೋಧನಾ ಕೇಂದ್ರವೂ ಇದೆ, ಕೃಷಿ ಕಾಲೇಜೂ ಇದೆ.

ನಾಟಿಯಾದ ಮೊದಲ ಹತ್ತು ದಿನ ಗದ್ದೆಯಲ್ಲಿ ಸುಮಾರು ಒಂದು ಅಂಗುಲ ನೀರು ನಿಲ್ಲಿಸಬೇಕು, ಆಮೇಲೆ ಎರಡು ಅಂಗುಲ ಸಾಕು ಎಂದು ಕೃಷಿ ತಜ್ಞರು ರೈತರಿಗೆ ಹೇಳುತ್ತಾರೆ. ಈ ಲೆಕ್ಕ ಭತ್ತಕ್ಕಾಗಿ ಹುಟ್ಟಿದ್ದು. ಆದರೆ ಪಿಕಳಾರ, ಗೊರವಂಕ, ಮಡಿವಾಳ ಹಕ್ಕಿಗಳು ನಿಶ್ಚಿಂತೆಯಿಂದ ಸ್ನಾನ ಮಾಡಲು ಬೇಕಾದ ಆಳವೂ ಸರಿಸುಮಾರು ಅಷ್ಟೇ. ತೋಟಕ್ಕೆ ಕಾರಂಜಿ ತರೋಣವೇ, ಸಿಮೆಂಟಿನ ಹಂಸ ಇರುವ ಕೊಳ ಕಟ್ಟಿಸೋಣವೇ ಎಂದು ಮನೆಯವರು ಚರ್ಚಿಸುತ್ತಾರೆ. ಹಕ್ಕಿಗೆ ಬೇಕಾದ ಉತ್ತರ ಒಂದೇ: ಕಾಲು ತಳಕ್ಕೆ ತಾಗುತ್ತದೆಯೋ, ಇಲ್ಲವೋ?

ಹಕ್ಕಿಗೆ ನೀರೇಕೆ?

ಹಕ್ಕಿಗಳಿಗೆ ನಮ್ಮಂತೆ ಬೆವರಿನ ಗ್ರಂಥಿಗಳಿಲ್ಲ. ಬಿಸಿಲು ಏರಿದಾಗ ಕಾಗೆ ಕೊಕ್ಕು ತೆರೆದು ಏದುಸಿರು ಬಿಡುವುದನ್ನು ನೋಡಿರುತ್ತೀರಿ. ಹಾಗೆ ಉಸಿರಿನ ಮೂಲಕ ನೀರನ್ನು ಆವಿಯಾಗಿಸಿ ಅದು ಮೈ ತಂಪು ಮಾಡಿಕೊಳ್ಳುತ್ತದೆ. ಕಳೆದುಹೋದ ನೀರನ್ನು ಮತ್ತೆ ಕುಡಿದೇ ತುಂಬಿಕೊಳ್ಳಬೇಕು. ಜೊತೆಗೆ, ಧೂಳು ತುಂಬಿದ ಗರಿ ಹಾರಾಟಕ್ಕೂ ಬಾರದು, ಮೈಯ ಶಾಖವನ್ನೂ ಕಾಯದು. ಆದ್ದರಿಂದ ಸ್ನಾನ ಅದಕ್ಕೆ ಶೋಕಿಯಲ್ಲ.

ಕುಡಿಯುವುದರಲ್ಲೂ ಒಂದೊಂದರದು ಒಂದೊಂದು ರೀತಿ. ಪಿಕಳಾರ, ಗುಬ್ಬಚ್ಚಿಗಳು ಕೊಕ್ಕಿನಲ್ಲಿ ಒಂದು ಗುಟುಕು ತುಂಬಿಕೊಂಡು, ತಲೆ ಮೇಲೆತ್ತಿ ನುಂಗುತ್ತವೆ. ಪಾರಿವಾಳ, ಬೆಳವಗಳು ಕೊಕ್ಕನ್ನು ನೀರಿನಲ್ಲಿ ಅದ್ದಿಟ್ಟುಕೊಂಡೇ ಹೀರುತ್ತವೆ. ಕಾಜಾಣ ತಟ್ಟೆಯ ಬಳಿಗೆ ಬಂದರೂ ಅದಕ್ಕಿಷ್ಟವಾದದ್ದು ಮೇಲಿನಿಂದ ಹಾರಿಬಂದು ನೀರಿಗೆ ಮೈ ತಾಗಿಸಿ ಹೋಗುವ ಸ್ನಾನ. ಕಿಟಕಿಯ ಬಳಿ ಕುಳಿತು ಇವನ್ನೆಲ್ಲ ಗಮನಿಸುವ ವಿದ್ಯಾರ್ಥಿಗೆ ಅದಕ್ಕಿಂತ ಒಳ್ಳೆಯ ಜೀವಶಾಸ್ತ್ರದ ಪಾಠ ಬೇರೆಲ್ಲಿ ಸಿಕ್ಕೀತು?

ಯಾವ ನೀರು, ಯಾರಿಗೆ?

ಮೊದಲನೆಯದು ತಟ್ಟೆ. ಕುಂಬಾರರು ಮಾಡುವ ಅಗಲ ಬಾಯಿಯ ಮಣ್ಣಿನ ತಟ್ಟೆಗಿಂತ ಉತ್ತಮವಾದದ್ದು ಯಾವ ಅಂಗಡಿಯಲ್ಲೂ ಇಲ್ಲ. ಅದರ ಒರಟು ಮೈಯಲ್ಲಿ ಹಕ್ಕಿಯ ಕಾಲು ಜಾರದು, ನೀರೂ ತಂಪಾಗಿರುತ್ತದೆ. ಸ್ಟೀಲು, ತಗಡಿನ ಪಾತ್ರೆ ಬಿಸಿಲಿಗೆ ಕಾದು ಸುಡುತ್ತದೆ. ಪ್ಲಾಸ್ಟಿಕ್ ಜಾರುತ್ತದೆ. ಅಂಚಿನಲ್ಲಿ ಒಂದು ಅಂಗುಲ, ನಡುವೆ ಎರಡು ಅಂಗುಲ ನೀರಿದ್ದರೆ ಸಾಕು. ಒಂದೆರಡು ಚಪ್ಪಟೆ ಕಲ್ಲುಗಳನ್ನು ನೀರಿನಿಂದ ತಲೆ ಹೊರಗಿರುವಂತೆ ಇಟ್ಟರೆ ಜೇನುಹುಳುಗಳೂ ಕುಳಿತು ನೀರು ಹೀರುತ್ತವೆ. ಬೇಸಿಗೆಯಲ್ಲಿ ಗೂಡನ್ನು ತಂಪಾಗಿಡಲು ಅವು ನೀರು ಹೊತ್ತೊಯ್ಯುತ್ತವೆ. ಕಲ್ಲಿಲ್ಲದ ಪಾತ್ರೆಯಲ್ಲಿ ಅವೇ ಮುಳುಗಿ ಸಾಯುತ್ತವೆ.

ಎರಡನೆಯದು ಹನಿ. ನಿಂತ ನೀರು ಕಾಣದ ಹಕ್ಕಿಗೂ ತೊಟ್ಟಿಕ್ಕುವ ಸದ್ದು ಕೇಳಿಸುತ್ತದೆ. ಇದಕ್ಕೆ ವಿದ್ಯುತ್ ಪಂಪು ಬೇಡ. ಶಿವಲಿಂಗದ ಮೇಲೆ ತೂಗುಹಾಕುವ ಧಾರಾಪಾತ್ರೆಯ ಉಪಾಯವೇ ಸಾಕು. ಹಳೆಯ ಮಡಕೆಯ ತಳದಲ್ಲಿ ಸಣ್ಣ ತೂತು ಮಾಡಿ, ಹತ್ತಿಯ ಬತ್ತಿ ತೂರಿಸಿ, ತಟ್ಟೆಯ ಮೇಲೆ ಕೊಂಬೆಗೆ ಕಟ್ಟಿದರೆ ಹನಿ ಹನಿಯಾಗಿ ಬೀಳುತ್ತದೆ. ರಭಸದಿಂದ ಚಿಮ್ಮುವ ಕಾರಂಜಿಗೆ ಸಣ್ಣ ಹಕ್ಕಿ ಹೆದರೀತು, ಹನಿಗೆ ಹೆದರದು.

ಮೂರನೆಯದು ಕೆಸರು. ನಲ್ಲಿಯ ಕೆಳಗೆ ಒಂದು ಅಡಿ ಜಾಗವನ್ನು ಸದಾ ತೇವವಾಗಿರಲು ಬಿಡಿ. ಚಿಟ್ಟೆಗಳು ಹೂವಿನ ಮಕರಂದದಲ್ಲಿ ಸಿಗದ ಲವಣಗಳಿಗಾಗಿ ಒದ್ದೆ ಮಣ್ಣನ್ನು ಹೀರುತ್ತವೆ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೂ ಅಲ್ಲಿಂದಲೇ ಸಾಮಗ್ರಿ. ಅಮ್ಮಂದಿರು ಗುಡಿಸಿ ಒಣಗಿಸುವ ಈ ಮೂಲೆಯೇ ತೋಟದ ಅತ್ಯಂತ ಅಗ್ಗದ ಜಲಾಲಂಕಾರ!

ನಾಲ್ಕನೆಯದು ಪುಟ್ಟ ಕೊಳ. ಕಪ್ಪೆ ಮತ್ತು ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೊಡತಿ ಹುಳುಗಳಿಗೆ ತಟ್ಟೆ ಸಾಲದು. ಅವುಗಳ ಮರಿಗಳು ಬೆಳೆಯುವುದು ನೀರಿನಲ್ಲೇ. ಒಂದೂವರೆ ಅಡಿ ಆಳದ ಸಿಮೆಂಟಿನ ತೊಟ್ಟಿಯಲ್ಲಿ ತಳಕ್ಕೆ ಗೋಡುಮಣ್ಣು ಹಾಕಿ ನೈದಿಲೆ ನೆಡಬಹುದು. ಅಂಚಿನ ತೇವದಲ್ಲಿ ಬಜೆ, ಒಂದೆಲಗ ಹಬ್ಬಿದರೆ ಕೊಳವೂ ತಂಪು, ಚಟ್ನಿಗೂ ಸೊಪ್ಪು. ನೀಲಿ ಹೂವಿನ, ಕೆರೆಗಳನ್ನೇ ನುಂಗಿರುವ ತೇಲುವ ಜಲಕಳೆಯನ್ನು ಮಾತ್ರ ಅಂದಕ್ಕೆಂದು ತರಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಬದಿಯಲ್ಲಿ ಕಲ್ಲು ಪೇರಿಸಿ ತಳದಿಂದ ಮೇಲಕ್ಕೆ ಮೆಟ್ಟಿಲಿನಂತೆ ದಾರಿ ಮಾಡಿ. ನೇರ ಗೋಡೆಯ ತೊಟ್ಟಿಗೆ ಬಿದ್ದ ಅಳಿಲು, ಓತಿಕೇತಗಳು ಈಜಿ ಸುಸ್ತಾಗಿ ಸಾಯುತ್ತವೆ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಕೊಳದ ಆಸೆಯನ್ನು ಕೆಲವು ವರ್ಷ ಮುಂದೂಡುವುದೇ ಸರಿ. ಅಷ್ಟೇ ನೀರು ಮಗುವಿನ ಪ್ರಾಣಕ್ಕೂ ಅಪಾಯ.

ಹಿತ್ತಲು ಕಲಿಸಿದ್ದು

ಇದೆಲ್ಲ ಹೊಸ ವಿದ್ಯೆಯೇನಲ್ಲ. ಮದ್ದೂರು, ಮಳವಳ್ಳಿ ಕಡೆಯ ಹಳ್ಳಿ ಮನೆಗಳಲ್ಲಿ ಬಚ್ಚಲ ನೀರು ಹಿತ್ತಲಿನ ಬಾಳೆಯ ಬುಡಕ್ಕೆ, ಕೆಸುವಿನ ಮಡಿಗೆ ಹರಿಯುತ್ತಿತ್ತು. ಆ ತೇವದಲ್ಲಿ ಹುಳ ಹುಡುಕಿ ಮಡಿವಾಳ ಹಕ್ಕಿ ಬರುತ್ತಿತ್ತು. ಪಕ್ಕದ ಪೊದೆಯಲ್ಲಿ ಎಲೆ ಹೊಲಿದು ಗೂಡು ಮಾಡುವ ಟುವ್ವಿ ಹಕ್ಕಿಯ ಸಂಸಾರ ಇರುತ್ತಿತ್ತು. ಮಿಕ್ಸಿ ಬಂದ ಮೇಲೆ ಅಂಗಳದ ಮೂಲೆ ಸೇರಿದ ಒರಳುಕಲ್ಲಿನ ಗುಳಿಯಲ್ಲಿ ಮಳೆನೀರು ನಿಂತು ಹರಟೆಮಲ್ಲಗಳ ಗುಂಪು ಗದ್ದಲ ಮಾಡಿಕೊಂಡು ಮೀಯುತ್ತಿತ್ತು. ಒರಳು ಇನ್ನೂ ಉಳಿದಿರುವ ಮನೆಯವರು ಅದರ ಗುಳಿಗೆ ಅರ್ಧಕ್ಕೆ ಬೆಣಚುಕಲ್ಲು ತುಂಬಿ ಮೇಲೆ ನೀರು ಹಾಕಿದರೆ ಸಾವಿರಾರು ರೂಪಾಯಿ ಉಳಿದಂತೆ. ಆದರೆ ಸೋಪಿನ ಪುಡಿ, ಶಾಂಪೂ ಕಲೆತ ಇಂದಿನ ಬಚ್ಚಲ ನೀರನ್ನು ಹಕ್ಕಿಗೆ ಕುಡಿಸುವಂತಿಲ್ಲ. ತಟ್ಟೆಗೆ ಒಳ್ಳೆಯ ನೀರೇ ಬೇಕು.

ತಟ್ಟೆಯನ್ನು ಎಲ್ಲಿಡಬೇಕು? ಬೆಕ್ಕಿನ ಕಣ್ಣಿನಿಂದ ನೋಡಿ ನಿರ್ಧರಿಸಿ. ದಟ್ಟ ಪೊದೆಗೆ ಅಂಟಿಕೊಂಡಿದ್ದರೆ ಬೆಕ್ಕು ಅಡಗಿ ಕೂರುತ್ತದೆ. ಒದ್ದೆ ಗರಿಯ ಹಕ್ಕಿ ಬೇಗ ಹಾರಲಾರದು. ಪೊದೆಯಿಂದ ಏಳೆಂಟು ಅಡಿ ದೂರವಿರಲಿ, ಮೇಲೆ ಹಾರಿ ಕೂರಲು ಒಂದು ಕೊಂಬೆ ಇರಲಿ, ಮಧ್ಯಾಹ್ನಕ್ಕೆ ನೆರಳಿರಲಿ.

ಸೊಳ್ಳೆಯ ಲೆಕ್ಕ

“ನೀರಿಟ್ಟರೆ ಸೊಳ್ಳೆ ಬರುವುದಿಲ್ಲವೇ?” ಎಂದು ತಂದೆತಾಯಿಯರು ಕೇಳುವುದು ನ್ಯಾಯವೇ. ಮಂಡ್ಯದ ನೆಲಕ್ಕೆ ಈ ಭಯ ಹೊಸದಲ್ಲ. 1930ರ ದಶಕದಲ್ಲಿ ನಾಲೆಯ ನೀರಿನ ಬೆನ್ನಿಗೇ ಮಲೇರಿಯವೂ ಬಂದು ಗದ್ದೆ ಬಯಲಿನ ಹಳ್ಳಿಗಳನ್ನು ಕಾಡಿತ್ತು.

ಲೆಕ್ಕ ಸರಳವಾಗಿದೆ. ನಮ್ಮ ಹವೆಯಲ್ಲಿ ಸೊಳ್ಳೆಯ ಮೊಟ್ಟೆ ರೆಕ್ಕೆ ಬಂದ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಬೇಕು. ಎರಡು ದಿನಕ್ಕೊಮ್ಮೆ ತಟ್ಟೆಯ ನೀರು ಚೆಲ್ಲಿದರೆ ಅದು ಹುಟ್ಟುವ ಮಾತೇ ಇಲ್ಲ. ಆದರೆ ಚೆಲ್ಲಿದರಷ್ಟೇ ಸಾಲದು. ಡೆಂಗಿ ಹರಡುವ ಸೊಳ್ಳೆ ನೀರಿನ ಅಂಚಿಗೆ, ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಅವು ಒಣಗಿದರೂ ತಿಂಗಳುಗಟ್ಟಲೆ ಸಾಯದೆ, ಮತ್ತೆ ನೀರು ಬಿದ್ದಾಗ ಒಡೆಯುತ್ತವೆ. ಆದ್ದರಿಂದ ತೆಂಗಿನ ನಾರಿನಿಂದ ತಟ್ಟೆಯನ್ನು ಉಜ್ಜಿ ತೊಳೆಯಬೇಕು. ಹಕ್ಕಿಗಳ ಹಿಕ್ಕೆಯಿಂದ ಅವುಗಳಿಗೇ ರೋಗ ಹರಡದಂತೆಯೂ ಇದು ಕಾಯುತ್ತದೆ.

ಕೊಳದ ನೀರನ್ನು ಚೆಲ್ಲುವಂತಿಲ್ಲ. ಅಲ್ಲಿ ಸೊಳ್ಳೆಮರಿ ತಿನ್ನುವ ಮೀನು ಬೇಕು. ಹೊರದೇಶದಿಂದ ಬಂದ ಗ್ಯಾಂಬೂಸಿಯ ಮೀನು ಸೊಳ್ಳೆಮರಿಯ ಜೊತೆಗೆ ಕಪ್ಪೆಯ ಗೊದಮೊಟ್ಟೆಗಳನ್ನೂ ಕಚ್ಚಿ ಕೊಲ್ಲುತ್ತದೆ. ನೆತ್ತಿಯ ಮೇಲೆ ಬೆಳ್ಳಿ ಚುಕ್ಕೆ ಇರುವ, ಹೊಳೆ, ಕಾಲುವೆಗಳಲ್ಲಿ ನೀರಿನ ಮೇಲ್ಮೈಗೆ ಅಂಟಿದಂತೆ ಈಜುವ ನಮ್ಮದೇ ಪುಟ್ಟ ಮೀನು ಸೊಳ್ಳೆಮರಿಗೆ ಪರಮವೈರಿ. ಕೊಡತಿ ಹುಳುವಿನ ಮರಿಗಳೂ ಅದರ ಜೊತೆಗೆ ಕೈ ಜೋಡಿಸುತ್ತವೆ. ವಾರಕ್ಕೊಮ್ಮೆ ನೀರನ್ನು ಬಗ್ಗಿ ನೋಡಿ, ಮರಿಗಳು ಕುಣಿಯುತ್ತಿದ್ದರೆ ಇನ್ನೂ ಕಾವಲು ಸಾಲದು ಎಂದರ್ಥ.

ತಟ್ಟೆಗೆ ಬಾರದ ಹಕ್ಕಿಗಳು

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ, ಅತ್ತಿಯ ಜಾತಿಯ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರವರು ಅವುಗಳನ್ನು ತವರಿಗೆ ಬಂದ ಮಗಳಂತೆ ಕಾಣುತ್ತಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಆದರೆ ಮರ ಕೊಟ್ಟ ಊರು ಊಟವನ್ನೂ ಕೊಡಲಾರದು. ಮೀನಿಗಾಗಿ ಆ ಹಕ್ಕಿಗಳು ಶಿಂಷಾ ಹೊಳೆಗೂ ಸುತ್ತಲಿನ ಕೆರೆಗಳಿಗೂ ಹಾರಲೇಬೇಕು. ಕೆರೆ ಬತ್ತಿದರೆ, ಹೂಳಿನಿಂದ ತುಂಬಿದರೆ ಗೂಡಿನ ಮರಿ ಉಪವಾಸ. ಅದಕ್ಕೆ ಯಾರ ಅಂಗಳದ ತಟ್ಟೆಯೂ ಉತ್ತರವಲ್ಲ. ತಟ್ಟೆ ತುಂಬಿಸುವ ಮಕ್ಕಳಿಗೆ ಊರ ಕೆರೆಯ ಏರಿಯ ಮೇಲೂ ಒಮ್ಮೆ ನಡೆದು ಬರುವ ಅಭ್ಯಾಸ ಮಾಡಿಸಿದರೆ ಆ ಉತ್ತರವನ್ನು ಅವರೇ ಮುಂದೆ ಹುಡುಕಿಯಾರು.

ರಜೆ ಬಂದಾಗ

ಮಾರ್ಚಿಯಲ್ಲಿ ಅನೇಕ ಶಾಲೆಗಳ ಮರಗಳಲ್ಲಿ ಹಕ್ಕಿಗಳಿಗೆಂದು ನೀರಿನ ಬಟ್ಟಲು ತೂಗುತ್ತವೆ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದು ಗೇಟಿಗೆ ಬೀಗ ಬೀಳುತ್ತದೆ. ಬಿಸಿಲು ಅತಿ ಹೆಚ್ಚಿರುವ ವಾರಗಳಲ್ಲೇ ಬಟ್ಟಲು ಒಣಗಿ ನಿಲ್ಲುತ್ತದೆ. ರೂಢಿಯ ಮೇಲೆ ಬಂದ ಪಿಕಳಾರ ಅಂಚಿನಲ್ಲಿ ಕುಳಿತು, ಒಳಗೆ ಇಣುಕಿ, ಹಾರಿಹೋಗುತ್ತದೆ. 2023ರಂತೆ ಮುಂಗಾರು ಕೈಕೊಟ್ಟು ಕೃಷ್ಣರಾಜಸಾಗರ ತುಂಬದ ವರ್ಷವಾದರಂತೂ ನಾಲೆಯಲ್ಲಿ ನೀರಿಲ್ಲ, ಗದ್ದೆಯಲ್ಲೂ ಇಲ್ಲ. ಆಗ ಬೀದಿಯ ಒಂದು ತಟ್ಟೆಗೇ ಎಷ್ಟು ಬೆಲೆ!

ಆದ್ದರಿಂದ ಜಲಾಲಂಕಾರ ಆರಿಸುವಾಗ ಅದರ ಬೆಲೆ, ಬಣ್ಣಗಳಿಗಿಂತ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಮೇ ತಿಂಗಳಿನಲ್ಲಿ ಇದನ್ನು ತೊಳೆದು ತುಂಬಿಸುವವರು ಯಾರು? ನಾಲ್ವರು ಸ್ನೇಹಿತರು ದಿನ ಹಂಚಿಕೊಳ್ಳಬಹುದು. ಊರಿಗೆ ಹೋಗುವವರು ಪಕ್ಕದ ಮನೆಯ ಅಜ್ಜಿಗೆ ಹೇಳಿ ಹೋಗಬಹುದು. ಹಾಗೆ ಹೇಳಲು ಯಾರೂ ಇಲ್ಲವಾದರೆ ದೊಡ್ಡ ಕೊಳದ ಯೋಚನೆ ಬಿಟ್ಟು, ಕೈಲಾಗುವಷ್ಟು ಸಣ್ಣ ತಟ್ಟೆಯನ್ನೇ ಇಡುವುದು ಲೇಸು.

ಬೆಳಿಗ್ಗೆ ಹಲ್ಲುಜ್ಜುವ ಮೊದಲು ಒಂದು ಚೊಂಬು ನೀರು, ಎರಡು ದಿನಕ್ಕೊಮ್ಮೆ ಒಂದು ಹಿಡಿ ನಾರು. ಖರ್ಚು ಇಷ್ಟೇ. ಪಕ್ಕದಲ್ಲೊಂದು ನೋಟ್‌ಬುಕ್ಕು ಇಟ್ಟು ಯಾವ ಹಕ್ಕಿ ಎಷ್ಟು ಹೊತ್ತಿಗೆ ಬಂತೆಂದು ಬರೆಯುತ್ತ ಹೋದರೆ, ಶಾಲೆ ಮತ್ತೆ ತೆರೆಯುವಷ್ಟರಲ್ಲಿ ಬೀದಿಯ ಹಕ್ಕಿಗಳ ದಿನಚರಿ ಆ ಹುಡುಗನ, ಹುಡುಗಿಯ ಕೈಯಲ್ಲಿರುತ್ತದೆ.