ಸಾಮಾನ್ಯ ಶಿಕ್ಷಣ ಮತ್ತು ಕಲಿಕೆಯ ಮೌಲ್ಯಮಾಪನ: ಗಾದೆಯೊಂದರ ನಿದರ್ಶನ

ವಿಶ್ವವಿದ್ಯಾಲಯದ ವಿದ್ಯಾರ್ಥಿಯು ತನ್ನ ವಿಶೇಷ ವಿಷಯದ ಜೊತೆಗೆ ಅನ್ಯ ಜ್ಞಾನಶಾಖೆಗಳ ಪರಿಚಯವನ್ನೂ ಪಡೆಯುವ ವ್ಯವಸ್ಥೆಯೇ ಸಾಮಾನ್ಯ ಶಿಕ್ಷಣ. ಹಾರ್ವರ್ಡ್ ವಿಶ್ವವಿದ್ಯಾಲಯದ 1945ರ ವರದಿ ಅಮೆರಿಕದಲ್ಲಿ ಈ ಚಿಂತನೆಗೆ ಬಲ ನೀಡಿತು. ಭಾರತದಲ್ಲಿ ಡಾ. ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು (1948-49) ಇದನ್ನು ಎತ್ತಿಹಿಡಿಯಿತಲ್ಲದೆ, ಪರೀಕ್ಷಾ ಪದ್ಧತಿಯ ಸುಧಾರಣೆಯೇ ಎಲ್ಲಕ್ಕಿಂತ ಅಗತ್ಯವೆಂದೂ ಅಭಿಪ್ರಾಯಪಟ್ಟಿತು. ಈ ಎರಡು ವಿಚಾರಗಳಿಗೂ ಒಳಸಂಬಂಧವಿದೆ.

ಪರೀಕ್ಷೆಯು ವಿದ್ಯಾರ್ಥಿಯನ್ನು ಅಳೆಯುತ್ತದೆ. ಕಲಿಕೆಯ ಮೌಲ್ಯಮಾಪನವು ಪಠ್ಯಕ್ರಮವನ್ನೂ ಬೋಧನೆಯನ್ನೂ ಅಳೆಯುತ್ತದೆ. ಅಮೆರಿಕದ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಸಂಘವು 2009ರಲ್ಲಿ ಪ್ರಕಟಿಸಿದ 'ವ್ಯಾಲ್ಯೂ' ಮಾನದಂಡಗಳು ಈ ದೃಷ್ಟಿಯಿಂದ ಗಮನಾರ್ಹ. ವಿಮರ್ಶಾತ್ಮಕ ಚಿಂತನೆ, ಬರವಣಿಗೆ, ಅಂತರ್‌ಸಾಂಸ್ಕೃತಿಕ ತಿಳಿವಳಿಕೆ ಮುಂತಾದ ಸಾಮರ್ಥ್ಯಗಳನ್ನು ಇಲ್ಲಿ ನಾಲ್ಕು ಹಂತಗಳಲ್ಲಿ ವಿವರಿಸಲಾಗಿದೆ. ಪ್ರತ್ಯೇಕ ಪರೀಕ್ಷೆ ನಡೆಸದೆ, ವಿದ್ಯಾರ್ಥಿಗಳು ತರಗತಿಗಾಗಿ ಸಿದ್ಧಪಡಿಸಿದ ಬರಹಗಳನ್ನೇ ಅಧ್ಯಾಪಕರು ಪರಿಶೀಲಿಸುತ್ತಾರೆ.

ಜಾನಪದವನ್ನು ಸಾಮಾನ್ಯ ವಿಷಯವಾಗಿ ಬೋಧಿಸುವಲ್ಲಿ ಈ ವಿಧಾನ ಹೇಗೆ ಉಪಯುಕ್ತವೆಂಬುದನ್ನು ಗಾದೆಯೊಂದರಿಂದ ವಿವರಿಸಬಹುದು. 'ಗಾದೆ ಎಂದರೇನು?' ಎಂಬ ಪ್ರಶ್ನೆಗೆ ಕಂಠಪಾಠ ಮಾಡಿದ ಉತ್ತರ ಸಾಕಾಗುತ್ತದೆ. ಬದಲಾಗಿ, ತಾನು ಕೇಳಿದ ಗಾದೆಯೊಂದನ್ನು ಸಂದರ್ಭಸಹಿತ ದಾಖಲಿಸುವಂತೆ ವಿದ್ಯಾರ್ಥಿಗೆ ಹೇಳಿದರೆ ಸ್ಥಿತಿ ಬೇರೆಯಾಗುತ್ತದೆ. 'ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ' ಎಂಬುದು ಸೊಸೆಯ ಬಾಯಲ್ಲಿ ಸವಾಲು. ಮುಪ್ಪಿನ ಅತ್ತೆಯ ಬಾಯಲ್ಲಿ ನಿಟ್ಟುಸಿರು. ಯಾರು, ಯಾರಿಗೆ, ಯಾವಾಗ ಹೇಳಿದರೆಂಬುದನ್ನು ಬಿಟ್ಟರೆ ಅರ್ಥವೇ ಕೈತಪ್ಪುತ್ತದೆ. ಅಲನ್ ಡಂಡೆಸ್ 1964ರಲ್ಲಿ ಪಠ್ಯದೊಡನೆ ಅದರ ಭಾಷಿಕ ಹೆಣಿಗೆಯನ್ನೂ ಸಂದರ್ಭವನ್ನೂ ಪರಿಗಣಿಸಬೇಕೆಂದು ವಾದಿಸಿದ್ದು ಇದೇ ಕಾರಣದಿಂದ.

ಗಾದೆಯನ್ನಷ್ಟೇ ಬರೆಯುವುದು, ಹೇಳಿದವರನ್ನು ಗುರುತಿಸುವುದು, ಸಂದರ್ಭವನ್ನು ವಿವರಿಸುವುದು, ಅದರಿಂದ ಅರ್ಥ ಬದಲಾಗುವ ಬಗೆಯನ್ನು ವಿಶ್ಲೇಷಿಸುವುದು: ಹೀಗೆ ನಾಲ್ಕು ಹಂತಗಳನ್ನು ಇಲ್ಲಿಯೂ ಕಲ್ಪಿಸಬಹುದು. ಬಹುಪಾಲು ವಿದ್ಯಾರ್ಥಿಗಳು ಎರಡನೆಯ ಹಂತದಲ್ಲೇ ನಿಂತರೆ, ಅದನ್ನು ಅವರ ದಡ್ಡತನವೆಂದು ಭಾವಿಸಲಾಗದು. ಸಂದರ್ಭವನ್ನು ಗಮನಿಸುವ ಅಭ್ಯಾಸಕ್ಕೆ ಪಠ್ಯಕ್ರಮ ಅವಕಾಶ ಕೊಟ್ಟಿಲ್ಲವೆಂದೇ ಮೊದಲು ಶಂಕಿಸಬೇಕು. ಆಗ ಒಂದು ಉಪನ್ಯಾಸವನ್ನು ಕಡಿಮೆ ಮಾಡಿ ಕ್ಷೇತ್ರಕಾರ್ಯಕ್ಕೆ ಸಮಯ ನೀಡಿ, ಮುಂದಿನ ವರ್ಷದ ಬರಹಗಳನ್ನು ಅದೇ ಮಾನದಂಡದಿಂದ ನೋಡಬೇಕು. ಬದಲಾವಣೆ ಫಲಿಸಿತೇ ಎಂಬುದು ಆಗ ತಿಳಿಯುತ್ತದೆ.

ಈ ಕ್ರಮಕ್ಕೆ ಮಿತಿಗಳಿಲ್ಲದಿಲ್ಲ. ಒಂದೇ ಬರಹವನ್ನು ಇಬ್ಬರು ಅಧ್ಯಾಪಕರು ಭಿನ್ನವಾಗಿ ಅಳೆಯಬಹುದು. ಆದ್ದರಿಂದ ಮಾದರಿ ಬರಹಗಳನ್ನು ಮುಂದಿಟ್ಟುಕೊಂಡು ಪೂರ್ವಭಾವಿಯಾಗಿ ಚರ್ಚಿಸುವುದು ಅಗತ್ಯ. ಫಲಿತಾಂಶವನ್ನು ಅಧ್ಯಾಪಕರ ದಂಡನೆಗೆ ಬಳಸಿದರೆ ಮೌಲ್ಯಮಾಪನವು ಬರಿಯ ಕಡತವಾಗಿ ಉಳಿಯುತ್ತದೆ. ಯಕ್ಷಗಾನದ ಗುರು ಶಿಷ್ಯನ ಹೆಜ್ಜೆ ತಪ್ಪಿದಾಗ ಅಂಕ ಕಳೆಯುವುದಿಲ್ಲ, ತಾಳವನ್ನು ಮತ್ತೊಮ್ಮೆ ಹೇಳಿಕೊಡುತ್ತಾನೆ. ವಿಶ್ವವಿದ್ಯಾಲಯದ ಮೌಲ್ಯಮಾಪನವೂ ಈ ವಿವೇಕವನ್ನು ರೂಢಿಸಿಕೊಂಡಾಗ ಮಾತ್ರ ಸಾಮಾನ್ಯ ಶಿಕ್ಷಣ ಸಾರ್ಥಕವಾಗುತ್ತದೆ.