ಚಳಿಗಾಲದಲ್ಲಿ ನಡಿಗೆಗೆ ರಜೆ ಬೇಡ

ಡಿಸೆಂಬರ್ ಬಂತೆಂದರೆ ಉತ್ತರಹಳ್ಳಿಯ ನಮ್ಮ ದವಾಖಾನೆಗೆ ಬರುವ ಸಕ್ಕರೆ ಕಾಯಿಲೆಯವರಲ್ಲಿ ನಾನು ಮೊದಲು ಕೇಳುವುದು, ವಾಕಿಂಗ್ ನಡೆಯುತ್ತಿದೆಯೇ ಎಂದು. "ಚಳಿ ಹೋಗ್ಲಿ ಹಕೀಮ್ ಸಾಬ್, ಮತ್ತೆ ಶುರು ಮಾಡ್ತೀನಿ" ಎಂಬ ಉತ್ತರ ಮಾಮೂಲು. ಇದೇ ತಿಂಗಳುಗಳಲ್ಲಿ ಮದುವೆಯ ಬಿರಿಯಾನಿ, ಮನೆಯ ಪಾಯಾ ಎರಡೂ ಜೋರು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆಯನ್ನು ಫೆಬ್ರವರಿಯಲ್ಲಿ ಮಾಡಿಸಿದಾಗ ಈ ರಜೆಯ ಲೆಕ್ಕ ಅದರಲ್ಲಿ ಸಿಗುತ್ತದೆ.

ನಮ್ಮ ಊರಿನ ಚಳಿಯಾದರೂ ಎಷ್ಟು? ಜನವರಿಯ ಮುಂಜಾವಿನಲ್ಲಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು. ದಾಖಲೆಯ ಚಳಿ ಎಂದರೆ 1884ರ ಜನವರಿ 13ರ 7.8 ಡಿಗ್ರಿ. ಫಿನ್‌ಲ್ಯಾಂಡ್‌ನ ಔಲು ನಗರದಲ್ಲಿ ಹಿಮ ಬಿದ್ದ ದಾರಿಯಲ್ಲೂ ಮಕ್ಕಳು ಸೈಕಲ್ ತುಳಿದು ಶಾಲೆಗೆ ಹೋಗುತ್ತಾರೆ. ಆದರೆ ಅಲ್ಲಿ ಸೈಕಲ್ಲಿಗೆ ಪ್ರತ್ಯೇಕ ದಾರಿಯಿದೆ, ದೀಪವಿದೆ. ನಮ್ಮನ್ನು ತಡೆಯುವುದು ಚಳಿಗಿಂತ ಹೆಚ್ಚಾಗಿ ಕತ್ತಲೆ, ಒಡೆದ ಫುಟ್‌ಪಾತ್ ಮತ್ತು ಬೀದಿನಾಯಿ. ಹೆಂಗಸರಿಗಂತೂ ಇದು ನಿಜವಾದ ತೊಂದರೆ, ನೆಪವಲ್ಲ.

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳಿವೆ. ಗಾಳಿ ಅವುಗಳಲ್ಲಿ ಒಂದು, ದೇಹದ ಚಲನೆ ಮತ್ತು ವಿಶ್ರಾಂತಿ ಇನ್ನೊಂದು. ಇಬ್ನು ಸೀನಾ 'ಅಲ್ ಕಾನೂನ್'ನಲ್ಲಿ ಆರೋಗ್ಯ ಕಾಪಾಡುವ ಬಗ್ಗೆ ಬರೆಯುವಾಗ ಮೊದಲು ಹೇಳಿದ್ದು ವ್ಯಾಯಾಮವನ್ನು. ಆಹಾರ, ನಿದ್ದೆ ಆಮೇಲೆ. ಚಳಿಗಾಲ ಬಲ್ಗಮ್, ಅಂದರೆ ಕಫ ಹೆಚ್ಚುವ ಕಾಲವೆಂದು ನಮ್ಮ ಹಳೆಯ ಹಕೀಮರು ಎಣಿಸಿದ್ದರು. ಹಾಗಾಗಿ ಮೈ ಬೆಚ್ಚಗಾಗುವಷ್ಟು ಓಡಾಟ ಈ ದಿನಗಳಲ್ಲೇ ಹೆಚ್ಚು ಬೇಕು.

ಎಷ್ಟು ಓಡಾಟ? ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದನ್ನೆಲ್ಲ ಬೆಳಿಗ್ಗೆಯೇ ಮುಗಿಸಬೇಕೆಂದು ಯಾರೂ ಹೇಳಿಲ್ಲ. ಜನವರಿಯಲ್ಲಿ ಸೂರ್ಯ ಮೂಡುವುದೇ ಆರೂಮುಕ್ಕಾಲರ ಹೊತ್ತಿಗೆ. ಫಜ್ರ್ ಮುಗಿಸಿ ಮಸೀದಿಯಿಂದ ಹೊರಬಂದಾಗ ಇನ್ನೂ ಕತ್ತಲೆ. ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ ನೆರೆಯ ಇಬ್ಬರು ಮೂವರು ಸೇರಿ ನಡೆಯಿರಿ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ಸಕ್ಕರೆ ಅಷ್ಟು ಏರುವುದಿಲ್ಲ. ಮನೆಯ ಮಹಡಿಯೂ ಆದೀತು. ಅಸ್ತಮಾ ಇದ್ದವರಿಗೆ ಬಿಸಿಲೇರಿದ ಮೇಲೆ ನಡೆಯುವುದೇ ಕ್ಷೇಮ, ಏಕೆಂದರೆ ತಣ್ಣನೆಯ ಮುಂಜಾವಿನಲ್ಲಿ ವಾಹನದ ಹೊಗೆ, ಕಸ ಸುಟ್ಟ ಹೊಗೆ ಮೇಲೇರದೆ ನೆಲದ ಹತ್ತಿರವೇ ನಿಂತಿರುತ್ತದೆ. ತುರಹಳ್ಳಿ ಕಾಡಿನ ಕಡೆಗಂತೂ ಬೆಳಕು ಹರಿಯುವ ಮುನ್ನ ಹೋಗಬೇಡಿ.

ಕತ್ತಲಲ್ಲೇ ಹೊರಡಬೇಕಾದವರು ಬಟ್ಟೆಯ ಬಣ್ಣ ಗಮನಿಸಿ. ಕಪ್ಪು ಬುರ್ಖಾ, ಕಪ್ಪು ಜಾಕೆಟ್ ವಾಹನದವರಿಗೆ ಕಾಣುವುದು ತೀರ ಹತ್ತಿರ ಬಂದ ಮೇಲೆಯೇ. ಮೇಲೊಂದು ಬಿಳಿ ಶಾಲು ಹೊದೆಯಿರಿ, ಇಲ್ಲವೇ ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯನ್ನು ತೋಳಿಗೂ ಬೆನ್ನಿಗೂ ಹೊಲಿಸಿಕೊಳ್ಳಿ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ನಡೆಯಿರಿ. ಸೈಕಲ್ಲಿನವರು ಎಡಬದಿಯಲ್ಲೇ ಇರಲಿ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಬೇಕೇ ಬೇಕು. ಟ್ಯೂಷನ್ನಿಗೆ ಸೈಕಲ್ಲಿನಲ್ಲಿ ಹೋಗುವ ಹುಡುಗಿಯರಿಗೆ ಚೈನ್ ಕವರ್ ಇರುವ ಸೈಕಲ್ಲೇ ಕೊಡಿಸಿ, ಬುರ್ಖಾದ ಅಂಚು ಸಿಕ್ಕಿಕೊಳ್ಳುವುದಿಲ್ಲ.

ಚಳಿಗೆ ರಕ್ತನಾಳ ಕಿರಿದಾಗಿ ರಕ್ತದೊತ್ತಡ ಏರುತ್ತದೆ. ಬಿ.ಪಿ., ಹೃದಯದ ತೊಂದರೆ ಇರುವವರು ಮೊದಲ ಐದಾರು ನಿಮಿಷ ನಿಧಾನವಾಗಿ ನಡೆದು ಮೈ ಕಾಯಿಸಿಕೊಳ್ಳಲಿ. ಎದೆ ಬಿಗಿದರೆ ಅಲ್ಲೇ ನಿಲ್ಲಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಸಕ್ಕರೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರ ಜೇಬಿನಲ್ಲಿ ಎರಡು ಖರ್ಜೂರ ಅಥವಾ ಸ್ವಲ್ಪ ಸಕ್ಕರೆ ಇರಲಿ. ಬೆವರು, ನಡುಕ, ತಲೆಸುತ್ತು ಬಂದರೆ ಕೂತು ತಿನ್ನಿ.

ಇನ್ನು ಪಾದ. ಸಕ್ಕರೆಯಿಂದ ಕಾಲು ಜೋಮು ಹಿಡಿದವರಿಗೆ ನೀರಿನ ಬಿಸಿ ಪಾದಕ್ಕೆ ತಿಳಿಯುವುದಿಲ್ಲ. ವುಝೂವಿನ ಬಿಸಿನೀರನ್ನು ಮೊದಲು ಮೊಣಕೈಯಿಂದ ಮುಟ್ಟಿ ನೋಡಿ. ಬೆರಳ ಸಂದುಗಳನ್ನು ಒರೆಸಿ ಒಣಗಿಸಿದ ಮೇಲೆಯೇ ಕಾಲುಚೀಲ ಹಾಕಿ. ರಾತ್ರಿ ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ತಿಕ್ಕಿ, ಬೆರಳ ಸಂದಿಗೆ ಮಾತ್ರ ಬೇಡ. ತಿಕ್ಕುವಾಗ ಪಾದದಲ್ಲಿ ಗಾಯ, ಗುಳ್ಳೆ ಕಂಡರೆ ಮರುದಿನ ನಡಿಗೆ ಬಿಟ್ಟು ವೈದ್ಯರಿಗೆ ತೋರಿಸಿ.